ಎಡೆಗೆ ಇಟ್ಟ ಜರ್ಸಿ

ಎಪ್ಪತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಹೆಬ್ಬೂರಿನ ಮಕ್ಕಳಿಗೆ ಫುಟ್‌ಬಾಲ್ ಅಂದರೆ ನಮ್ಮ ಶಿವಣ್ಣ ಚಿಕ್ಕಪ್ಪ, ಅಷ್ಟೇ. ಬೆಂಗಳೂರಿನ ಕಾರ್ಖಾನೆಯೊಂದರ ತಂಡಕ್ಕೆ ಗೋಲು ಹೊಡೆಯುವುದೇ ಅವನ ನೌಕರಿ. ಅದೂ ಒಂದು ಕೆಲಸವೇ ಅಂತ ಅಜ್ಜಿಗೆ ಕೊನೆವರೆಗೂ ಅನುಮಾನ. ರಜೆಗೆ ಬಂದರೆ ರಾಗಿ ಕಣದಲ್ಲಿ ನಮ್ಮನ್ನೂ ಆಡಿಸುತ್ತಿದ್ದ. "ಚೆಂಡು ಇರೋ ಕಡೆ ಓಡ್ಬೇಡ ಕಣೇ, ಬೀಳೋ ಕಡೆ ಓಡು," ಅನ್ನುತ್ತಿದ್ದ. ಹುಡುಗಿ ಅಂತ ನನ್ನನ್ನು ಆಟದಿಂದ ಆಚೆ ಇಡದವನು ಅವನೊಬ್ಬನೇ.

ನನಗೆ ಒಂಬತ್ತು ತುಂಬಿದ ವರ್ಷ ಅವನು ಇಂಡಿಯಾ ಟೀಮಿಗೆ ಸೇರಿದ. ಮೊದಲ ಮ್ಯಾಚು ಹೊರದೇಶದಲ್ಲಿ. ಅದೂ ಮಾರ್ನಮಿ ಅಮಾವಾಸ್ಯೆಯ ದಿನ, ನಾವು ಹಿರಿಯರಿಗೆ ಎಡೆ ಇಡುವ ಸಂಜೆ. ತೀರಿಕೊಂಡವರ ಇಷ್ಟದ ಅಡುಗೆಯನ್ನು ಬಾಳೆಲೆಗೆ ಬಡಿಸಿ, ಅವರ ಹೆಸರಲ್ಲಿ ಬಟ್ಟೆ ಮಡಿಸಿಟ್ಟು, ಸಾಂಬ್ರಾಣಿ ಹಾಕಿ, ಎಲ್ಲರೂ ಆಚೆ ಬಂದು ಬಾಗಿಲು ಎಳೆದುಕೊಳ್ಳಬೇಕು. ಅವರು ಬಂದು ಉಂಡು ಹೋಗುವವರೆಗೆ ಯಾರೂ ಇಣುಕುವಂತಿಲ್ಲ.

ತೀರಿಕೊಂಡಿದ್ದ ತಾತನಿಗೆ ಹೇಳಿಕೊಂಡರೆ ಚಿಕ್ಕಪ್ಪ ಗೋಲು ಹೊಡೆಯುತ್ತಾನೆ ಅಂತ ನನಗನ್ನಿಸಿತು. ಅವನು ಮನೆಯಲ್ಲಿ ಬಿಟ್ಟುಹೋಗಿದ್ದ ಕಾರ್ಖಾನೆ ತಂಡದ ಹಳದಿ ಜರ್ಸಿಯನ್ನು ತಾತನ ಪಂಚೆಯ ಕೆಳಗೆ ಸೇರಿಸಿಬಿಟ್ಟೆ. ಅಲ್ಲಿಡುವ ಬಟ್ಟೆ ಸತ್ತವರದು ಮಾತ್ರ ಎಂಬುದು ಹೊಳೆಯಲೇ ಇಲ್ಲ.

ಬಾಗಿಲು ಎಳೆದುಕೊಂಡು ಜಗುಲಿಯಲ್ಲಿ ಕೂತಿದ್ದೆವು. ಒಳಗಿಂದ ವಡೆ, ಕಜ್ಜಾಯದ ವಾಸನೆ. ಆಮೇಲೆ ಧಪ್ ಅಂತ ಒಂದೇ ಸದ್ದು, ಚೆಂಡು ನೆಲಕ್ಕೆ ಬಿದ್ದ ಹಾಗೆ.

"ಬೆಕ್ಕಿರಬೇಕು," ಅಂದರು ಅಪ್ಪ.

ಅಜ್ಜಿಯೂ ನಾನೂ ಮೊದಲು ಬಾಗಿಲು ತೆಗೆದಾಗ ಬೆಕ್ಕಿರಲಿಲ್ಲ. ಎಲೆಯ ಮೇಲಿನದು ಬಡಿಸಿದ ಹಾಗೇ ಇತ್ತು. ಜರ್ಸಿ ಮಾತ್ರ ಪಂಚೆಯ ಮೇಲೆ ಬಂದಿತ್ತು, ಎರಡೂ ತೋಳು ಅಗಲಿಸಿಕೊಂಡು.

ಅಜ್ಜಿ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನನ್ನು ಹಿತ್ತಲಿಗೆ ಎಳೆದೊಯ್ದಳು. "ಬದುಕಿರೋನ್ ಬಟ್ಟೆ ಇಡ್ತಾರೇನೇ? ಯಾರ ಹತ್ರಾನೂ ಬಾಯಿ ಬುಡ್ಬೇಡ." ಹೊಡೆದಿದ್ದರೂ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಮೂರನೆಯ ದಿನ ಸುದ್ದಿ ಬಂತು. ಆ ಸಂಜೆಯ ಮ್ಯಾಚಿನಲ್ಲಿ ಚಿಕ್ಕಪ್ಪ ಗೋಲಿನ ಮುಂದೆ ಬಿದ್ದನಂತೆ, ಮಂಡಿ ಹೋಯಿತಂತೆ. ಎರಡು ತಿಂಗಳಾದ ಮೇಲೆ ಕೋಲೂರಿಕೊಂಡು ಬಂದವನು ಅಪ್ಪನಿಗೆ ಹೇಳಿದ್ದನ್ನು ಕಂಬದ ಮರೆಯಲ್ಲಿ ನಿಂತು ಕೇಳಿಸಿಕೊಂಡೆ. "ಯಾರೂ ಮುಟ್ಲಿಲ್ಲ ಕಣಣ್ಣ. ಹಿಂದಿಂದ ಬಟ್ಟೆ ಹಿಡ್ದು ಎಳ್ದಂಗಾಯ್ತು. ತಿರುಗಿ ನೋಡಿದ್ರೆ ಹತ್ತಿರದಲ್ಲಿ ಒಬ್ರೂ ಇಲ್ಲ."

ಅವನು ಮತ್ತೆ ಆಡಲಿಲ್ಲ. ಕಾರ್ಖಾನೆಯ ಸ್ಟೋರಿನಲ್ಲಿ ಕೂತು ನೌಕರಿ ಮುಗಿಸಿದ. ಊರಿಗೆ ಬಂದಾಗಲೆಲ್ಲ ನನ್ನ ಹೆಸರು ಹಿಡಿದು ಕೂಗುತ್ತಿದ್ದ. ನಾನು ಓದುವುದಿದೆ, ನೀರು ಸೇದುವುದಿದೆ ಅಂತ ತಪ್ಪಿಸಿಕೊಳ್ಳುತ್ತಿದ್ದೆ. ಇಪ್ಪತ್ತು ವರ್ಷ ಹೀಗೇ ಹೋಯಿತು. ಅಜ್ಜಿ ತೀರಿಕೊಂಡ ಮೇಲೊಂದು ದಿನ ತಡೆಯಲಾರದೆ ಹೇಳಿಬಿಟ್ಟೆ.

"ಆ ಜರ್ಸಿ ಎಡೆಗೆ ಇಟ್ಟಿದ್ದು ನಾನು, ಚಿಕ್ಕಪ್ಪ."

"ಗೊತ್ತು ಕಣೇ. ನಾನು ಕೋಲೂರ್ಕೊಂಡು ಬಂದ ದಿನಾನೇ ಅವ್ವ ಹೇಳ್ತು."

"ಬೈಲೇ ಇಲ್ವಲ್ಲ ನೀನು."

"ಬೈದಿದ್ರೆ ನಿನ್ನಿಂದ್ಲೇ ಆಯ್ತು ಅಂತ ನೀನು ನಂಬಿಬಿಡ್ತಿದ್ದೆ."

ನೀನು ನಂಬ್ತೀಯಾ ಅಂತ ಕೇಳುವ ಧೈರ್ಯ ನನಗಿರಲಿಲ್ಲ. ಈಗ ಅವನೂ ಇಲ್ಲ. ಅವನಿಗೆ ತಪ್ಪಿದ್ದು ಇಂಡಿಯಾ ಟೀಮು. ನನಗೆ ತಪ್ಪಿದ್ದು ಅವನು ಕೂಗಿದಾಗ "ಬಂದೆ" ಅನ್ನಬಹುದಾಗಿದ್ದ ಇಪ್ಪತ್ತು ವರ್ಷ.