ಗುಲಾಬಿಯಕ್ಕ ಒಪ್ಪದ ಬದಲಾವಣೆ

ಕಂಪ್ಯೂಟರಿನಲ್ಲಿ ನಾನು ಹೊಸದಾಗಿ ಏನೇ ಮಾಡಿ ಕೊಟ್ಟರೂ ಗುಲಾಬಿಯಕ್ಕ ಮೊದಲು ಅದರ ಮೇಲೆ ಸಿಟ್ಟು ತೀರಿಸುತ್ತಿದ್ದರು. ಒಂದೇ ಬಟನನ್ನು ಟಪಟಪ ಒತ್ತುವುದು, ಹೆಸರಿನ ಜಾಗಕ್ಕೆ ಫೋನ್ ನಂಬರ್ ತುಂಬುವುದು, ಅರ್ಧದಲ್ಲಿ ನೆಟ್ ತೆಗೆಯುವುದು. "ಆಸ್ಪತ್ರೆಯಲ್ಲಿ ಕಾದು ಸುಸ್ತಾದವರು ಹೀಗೇ ಮಾಡುವುದು ಮಾರಾಯ. ಅವರೇನು ನಿನ್ನ ಹಾಗೆ ಎಸಿಯಲ್ಲಿ ಕೂತವರಾ?"

ನಮ್ಮಲ್ಲಿ ಎಸಿ ಇರಲಿಲ್ಲ. ಬಂಟ್ವಾಳ ಪೇಟೆಯ ಒಂದು ಜವಳಿ ಅಂಗಡಿಯ ಮಾಳಿಗೆ. ಕೆಲಸಕ್ಕೆ ನಾನು, ಜೊತೆಗಾರ ಅಶ್ರಫ್, ಗುಲಾಬಿಯಕ್ಕ, ಮೂವರೇ. ಡಯಾಲಿಸಿಸ್‌ಗೆ ಬರುವವರ ಸರತಿ ನೋಡಿಕೊಳ್ಳುವ ಸಾಫ್ಟ್‌ವೇರ್ ನಮ್ಮದು.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವ. ಗಲ್ಫಿನಲ್ಲಿ ಕಂಪ್ಯೂಟರ್ ಅಂಗಡಿ ಗುಡಿಸುತ್ತ ಕೋಡ್ ಬರೆಯಲು ಕಲಿತೆ. ಯಾರ ಹಂಗಿಲ್ಲದೆ ಕಲಿತದ್ದನ್ನು ಬೇರೆಯವರು ತಿದ್ದಿದರೆ ನನಗೆ ಮೈ ಉರಿಯುತ್ತಿತ್ತು. ಗುಲಾಬಿಯಕ್ಕ ಬೀಡಿ ಕಟ್ಟಿ ಬಂದವರು, ಕಂಪನಿಯ ಬ್ರಾಂಚಿನಲ್ಲಿ ಬೀಡಿ ಆರಿಸಿ ತೆಗೆಯುವ ಚೆಕ್ಕಿಂಗಿನವರ ಬೈಗಳು ಸಾಕಷ್ಟು ತಿಂದವರು. "ಕಟ್ಟಿದವರೇ ಪಾಸು ಮಾಡಿದರೆ ಎಲ್ಲ ಬೀಡಿಯೂ ಒಳ್ಳೆಯದೇ," ಎಂದು ನನ್ನ ಕೆಲಸ ವಾಪಸು ಕಳಿಸುತ್ತಿದ್ದರು. ಇನ್ನೊಬ್ಬರು ನೋಡಿ ಒಪ್ಪದೆ ಯಾರ ಬದಲಾವಣೆಯೂ ಆಸ್ಪತ್ರೆಗೆ ಹೋಗಬಾರದೆಂಬ ನಿಯಮ ತಂದವರೂ ಅವರೇ.

ವಾರಕ್ಕೆರಡು ಸಲ ಅವರಿಗೂ ಡಯಾಲಿಸಿಸ್ ಇತ್ತು. "ನಾನು ಟೆಸ್ಟರೂ ಹೌದು, ಗಿರಾಕಿಯೂ ಹೌದು. ಬೈದರೆ ಎರಡೂ ಕಡೆಯಿಂದ ಬೈತೇನೆ."

ಕಳೆದ ಮಳೆಗಾಲದಲ್ಲಿ ಆಸ್ಪತ್ರೆಯ ಒಂದು ಮೆಷಿನ್ ಹಾಳಾಯಿತು. ಗುಲಾಬಿಯಕ್ಕನ ಸರತಿ ಮರುದಿನಕ್ಕೆ ಹೋಯಿತು. ಕಾಲು ಬಾತಿತ್ತು, ಮಾತಾಡಿದರೆ ಉಸಿರು ಕಟ್ಟುತ್ತಿತ್ತು. ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಎಂದು ಅಶ್ರಫ್ ವ್ಯಾನ್ ತರಲು ಓಡಿದ. ಅಷ್ಟು ದೂರ ತಡೆದಾರೆಂದು ನನಗೆ ಧೈರ್ಯ ಬರಲಿಲ್ಲ. ಕಂಪ್ಯೂಟರಿನಲ್ಲಿ ಅವರ ಹೆಸರನ್ನು ಇಲ್ಲಿಯ ಆಸ್ಪತ್ರೆಯ ಆ ಹೊತ್ತಿನ ಸರತಿಗೇ ತಂದೆ. ಅಶ್ರಫ್ ಇಲ್ಲದಾಗ ಒಪ್ಪಿಗೆ ಕೊಡಲು ಇದ್ದವರು ಅವರೊಬ್ಬರೇ.

"ಪಟ್ಟಿಯಲ್ಲಿ ನಾನು ಮೇಲೆ ಹೋದರೆ ಕೆಳಗೆ ಬರುವುದು ಯಾರು?"

"ಕೊಕ್ಕಡದ ಒಬ್ಬರು. ಅವರಿಗೆ ನಾಳೆ ಆದೀತು ಅಕ್ಕ."

"ಅವರ ಕಾಲು ನೋಡಿದ್ದೀಯಾ ನೀನು?"

"ನಿಮ್ಮ ಕಾಲಿಗೆ ಬೀಳ್ತೇನೆ. ಒಂದೇ ಸಲ ಒತ್ತಿ."

"ಬೀಳಬೇಡ ಮಾರಾಯ, ಬಾತ ಕಾಲು, ನೋವಾಗ್ತದೆ."

ನಗಲು ಹೋಗಿ ಕೆಮ್ಮಿದರು. ನನ್ನ ಬದಲಾವಣೆಯನ್ನು ತಿರಸ್ಕರಿಸಿದರು.

ವ್ಯಾನಿನಲ್ಲಿ ಮಂಗಳೂರಿಗೆ ಹೊರಟರೆ ತುಂಬೆಯ ಹತ್ತಿರ ರಸ್ತೆ ಜಾಮ್ ಆಗಿತ್ತು. "ಬೇಗ ಬಿಡು ಅಶ್ರಫ್," ಎಂದರು, "ನನಗೆ ಸಾಯ್ಲಿಕ್ಕೆ ಮನಸ್ಸಿಲ್ಲ." ನಾನು ಇಳಿದು ಮಳೆಯಲ್ಲಿ ಲಾರಿಗಳ ಬಾಗಿಲು ಬಡಿದೆ, ಕೈಮುಗಿದೆ, ಬೈದೆ. ಯಾರಿಗೂ ಮುಂದೆ ಜಾಗವಿರಲಿಲ್ಲ. ಮಂಗಳೂರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮೊನ್ನೆ ಆಸ್ಪತ್ರೆಯಲ್ಲಿ ಕೊಕ್ಕಡದವರು ಸಿಕ್ಕಿದರು. ಸರತಿ ಪಟ್ಟಿಯಲ್ಲಿ ಅವರ ಫೋನ್ ನಂಬರ್ ಬದಲಾಯಿಸಬೇಕಿತ್ತು. "ಸ್ಕ್ರೀನ್ ನೋಡಿ ನೋಡಿ ಬೈಯ್ತಿದ್ದರಲ್ಲ, ಆ ಅಕ್ಕ ಈಗ ಕಾಣುವುದೇ ಇಲ್ಲ?" ಎಂದು ಕೇಳಿದರು. ಅವರ ನಂಬರ್ ಬರೆದು, ಸರಿ ಉಂಟಾ ನೋಡು ಎಂದು ಸ್ಕ್ರೀನನ್ನು ಅಶ್ರಫನ ಕಡೆ ತಿರುಗಿಸಿದೆ. ಅವನು ಒಂದೊಂದೇ ಅಂಕಿ ಓದಿ, ಒಪ್ಪಿದ.