ಚಿಗವ್ವನ ಠೇವಣಿ, ತಜ್ಞರ ದನಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಬ್ಯಾಡಗಿಯಲ್ಲಿ ಖಾನಾವಳಿ ನಡೆಸುವ ನನ್ನ ಚಿಗವ್ವನ ಠೇವಣಿ ಷೇರುಪೇಟೆಯಲ್ಲಿ ಕರಗಿಹೋದದ್ದಕ್ಕೆ ಜಾಗತಿಕ ವಿದ್ಯಮಾನಗಳಷ್ಟೇ ನನ್ನ ಗಂಟಲೂ ಕಾರಣ.

ಕಂಡವರ ದನಿ ಕದಿಯುವ ಚಟ ನನ್ನದು. ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ರೊಟ್ಟಿ ಬಡಿಯುವ ಹೆಂಗಸರೆದುರು ಒಂದು ದಿನ ನನ್ನ ಪ್ರದರ್ಶನ ನಡೆದಿತ್ತು. ಮೊದಲು ಊರಿನ ಸಹಕಾರಿ ಸಂಘದ ಕಾರ್ಯದರ್ಶಿಗಳು: ಪಾಸ್‌ಬುಕ್ ತೆರೆಯುವ ಮುನ್ನ ಗಿರಾಕಿಯ ಮೊಣಕಾಲಿನ ಯೋಗಕ್ಷೇಮ ವಿಚಾರಿಸಿ, ಬಡ್ಡಿಯ ಮಾತು ಬಂದೊಡನೆ ಕೆಮ್ಮುವವರು. ಆಮೇಲೆ ರಾಣೆಬೆನ್ನೂರಿನ ದೊಡ್ಡ ಬ್ಯಾಂಕಿನ ಮ್ಯಾನೇಜರು: ಕನ್ನಡ ನಾಲಿಗೆಗೆ ಹತ್ತುವಷ್ಟರಲ್ಲಿ ವರ್ಗವಾಗಿ ಹೋಗುವವರು. ಕಡೆಗೆ, ನೀವೂ ಕೇಳಿ ದಣಿದಿರುವ, ಟೀವಿಯ ಷೇರು ತಜ್ಞರು. ಠೇವಣಿಯೆಂಬುದು ಮಲಗಿದ ಹಣ, ಅದನ್ನು ಎಬ್ಬಿಸಿ ದುಡಿಸಬೇಕು ಎಂದು ನಾನು ಗಂಭೀರ ಕಂಠದಲ್ಲಿ ಅಪ್ಪಣೆ ಕೊಡಿಸಿದಾಗ ಎಲ್ಲರೂ ನಕ್ಕರು, ಚಿಗವ್ವನೂ ನಕ್ಕಳು. ನಾನು ಮಾಡಿದ್ದು ಗೇಲಿ, ಅವಳು ಕೇಳಿದ್ದು ಉಪದೇಶ.

ವಾರ ಕಳೆದು, ಆ ಟೀವಿಯಂವ ಹೇಳಿದ್ದು ಖರೇ ಏನೋ ಎಂದು ವಿಚಾರಿಸಿದಳು. ಖಾನಾವಳಿ ನಡೆಯುವ ಬಾಡಿಗೆಯ ಖೋಲಿಯನ್ನೇ ಕೊಳ್ಳಬೇಕೆಂದು ಸಂಘದಲ್ಲಿ ವರ್ಷಗಟ್ಟಲೆ ಕೂಡಿಟ್ಟ ಹಣ ಅದು. ಇಲ್ಲ ಎಂದುಬಿಡಬಹುದಿತ್ತು. ಆದರೆ ನನ್ನ ಕಲೆಯನ್ನು ನಿಜವೆಂದು ನಂಬಿದ ಮೊದಲ ಪ್ರೇಕ್ಷಕಿಯನ್ನು ನಿರಾಶೆಗೊಳಿಸುವಷ್ಟು ವಿವೇಕ ನನ್ನಲ್ಲಿರಲಿಲ್ಲ. ಸಂಘದಿಂದ ಠೇವಣಿ ಬಿಡಿಸಿ, ನನ್ನ ಕೈಯಾರೆ, ಅವಳ ಮೊಬೈಲಿನಲ್ಲಿ ಷೇರು ಕೊಂಡು, ಮಲಗಿದ್ದ ಹಣವನ್ನು ಎಬ್ಬಿಸಿದೆ. ಎದ್ದ ಹಣ ಕೆಲವು ತಿಂಗಳು ಕುಣಿಯಿತು. ಆಮೇಲೆ ಪೇಟೆ ಬಿತ್ತು. ನಾಳೆ ನಿಂತೀತು ಎಂದ ಪ್ರತಿ ನಾಳೆಯೂ ಇನ್ನಷ್ಟು ಬಿತ್ತು.

ದರ ಬಿದ್ದಾಗ ವ್ಯಾಪಾರಿಗಳು ಮೆಣಸಿನಕಾಯಿ ಚೀಲಗಳನ್ನು ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಕಾಯುವುದಿಲ್ಲವೇ, ಇದೂ ಹಾಗೆಯೇ ಎಂದು ಅರ್ಥಶಾಸ್ತ್ರವನ್ನು ಬ್ಯಾಡಗಿಯ ಭಾಷೆಗೆ ಇಳಿಸಿದೆ. ಚಿಗವ್ವ ಹಿಟ್ಟು ನಾದುತ್ತಲೇ, "ಮನ್ಯಾಗ ಜ್ವಾಳ ಇದ್ದವರು ಇಡ್ತಾರಪಾ. ಇಲ್ಲದವರು ಬಿದ್ದ ದರಕ್ಕ ಮಾರ್ತಾರ" ಎಂದಳು. ಸೂಚ್ಯಂಕ ಎಲ್ಲರಿಗೂ ಇಳಿಯುತ್ತದೆ, ನಷ್ಟ ಮಾತ್ರ ಕಾಯಲಾರದವರನ್ನೇ ಹುಡುಕಿಕೊಂಡು ಬರುತ್ತದೆ ಎಂಬುದು ನನಗೆ ಹೊಳೆದದ್ದು ಆಗಲೇ. ಹೊಳೆದು ಆಗಬೇಕಾದದ್ದೇನೂ ಉಳಿದಿರಲಿಲ್ಲ. ಹಾವೇರಿಯಲ್ಲಿರುವ ಖೋಲಿಯ ಮಾಲೀಕರು ಯುಗಾದಿಯೊಳಗೆ ಕೊಳ್ಳಿರಿ, ಇಲ್ಲವೇ ಬಿಟ್ಟುಕೊಡಿರಿ ಎಂದು ಹೇಳಿ ಕಳಿಸಿದ್ದರು. ಉಳಿದ ಹಣಕ್ಕೆ ಖೋಲಿಯಿರಲಿ, ಅದರ ಮಾಳಿಗೆಯೂ ಬರುತ್ತಿರಲಿಲ್ಲ. ಸಂಘದಲ್ಲಿ ಸಾಲ ಕೇಳಲು ಹೋದರೆ ಕಾರ್ಯದರ್ಶಿಗಳು ಮೊಣಕಾಲು ವಿಚಾರಿಸದೆ ನೇರವಾಗಿ ಕೆಮ್ಮಿದರು.

ಅಂದು ಸಂಜೆ ಖಾನಾವಳಿಯ ಬೆಂಚಿನ ಮೇಲೆ ಕೂತು, ಹಾಳು ಚಟಕ್ಕೆ ಮತ್ತೆ ತಜ್ಞರ ಕಂಠದಲ್ಲಿ, ದೀರ್ಘಾವಧಿಯಲ್ಲಿ ಪೇಟೆ ಏರಿಯೇ ಏರುತ್ತದೆ ಎಂದೆ. ರೊಟ್ಟಿ ಬಡಿಯುವ ಹೆಂಗಸರಲ್ಲಿ ಈ ಸಲ ಯಾರೂ ನಗಲಿಲ್ಲ. ಚಿಗವ್ವ ಕೈಗಂಟಿದ ಹಿಟ್ಟನ್ನು ಉಜ್ಜಿಕೊಳ್ಳುತ್ತ ನನ್ನ ಕಡೆ ನೋಡಿದಳು.

"ಅವನ ದನಿ ಭಾಳ ಛಲೋ ತಗೀತಿ ತಮ್ಮಾ. ಈಗ ನಿನ್ನ ದನ್ಯಾಗ ಹೇಳು, ಯುಗಾದಿ ಆದಮ್ಯಾಲೆ ಒಲಿ ಎಲ್ಲಿ ಹೂಡ್ಲಿ?"