ಸಾಲಕ್ಕೆ ಮತ, ಮತಕ್ಕೆ ಊಟ

ಆ ಊಟ ನನಗೆ ನೂರ ಮೂವತ್ತು ಪೌಂಡಿಗೆ ಬಿತ್ತು. ಬಿಸಿಬೇಳೆ ಭಾತು, ಮೊಸರನ್ನ, ಕೈ ಬಿಗಿಹಿಡಿಯದೆ ಗೋಡಂಬಿ ಸುರಿದ ಕೇಸರಿಭಾತು. ಮದುವೆ ಮುಂಜಿ ಏನಲ್ಲ, ಎಂಬತ್ತು ಜನರ ಮತ ಬೇಕಿತ್ತು. ಲಂಚ ಎನ್ನಬೇಡಿ, ನಮ್ಮವರಲ್ಲಿ ಅದಕ್ಕೆ ಉಪಚಾರ ಎನ್ನುತ್ತಾರೆ.

ತೊಂಬತ್ತರ ದಶಕದ ಮಾತು. ಕಿಂಗ್ಸ್‌ಬರಿಯಲ್ಲಿ ನಮ್ಮ ಸಂಘಕ್ಕೊಂದು ಹಳೇ ಹಾಲ್ ಇತ್ತು, ಅದರಲ್ಲಿ ಶನಿವಾರದ ಕನ್ನಡ ಶಾಲೆ. ನನ್ನ ಹೆಂಡತಿ ಸರೋಜ ಶಿಶುವರ್ಗದ ಟೀಚರು. ವರ್ಗವೆಂದರೆ, ಹಾಲಿನ ಬಾಗಿಲ ಪಕ್ಕ ಕೋಟು ನೇತುಹಾಕುವ ಓಣಿಯಂಥ ಜಾಗ. ಬಾಗಿಲು ತೆರೆದಾಗಲೆಲ್ಲ ಚಳಿಗೆ ಮಕ್ಕಳ ಅಆಇಈ ಗಡಗಡ ನಡುಗುತ್ತಿತ್ತು. “ಹಿಂದುಗಡೆ ಒಂದು ರೂಮು ಕಟ್ಸಿ, ಇಲ್ಲಾಂದ್ರೆ ಇದೇ ಕೊನೇ ವರ್ಷ ಕಣ್ರೀ, ಮಂಡಿ ಹಿಡ್ಕೊಂಡಿದೆ” ಎಂದಳು.

ರೂಮಿಗೆ ಬ್ಯಾಂಕಿನ ಸಾಲ ಬೇಕು, ಸಾಲಕ್ಕೆ ಸದಸ್ಯರ ಮತ ಬೇಕು. ಬರಿಗೈಯಲ್ಲಿ ಬಂದು ಪಾತ್ರೆ ಅಂಗಡಿ ಇಟ್ಟ ನನಗೆ ಸಾಲವೆಂದರೆ ಏಣಿ. ಪಕ್ಕದ ಎಜ್‌ವೇರಿನಲ್ಲಿದ್ದ ಧಾರವಾಡದ ಡಾಕ್ಟರಿಗೆ ಮಾತ್ರ ಅದು ಅಪಶಕುನ.

“ಸಾಲಾ ಮಾಡಿ ಸಾಲಿ ಕಟ್ಟೂದೇನ್ರಿ? ನಾಳೆ ಸರಸ್ವತಿ ಮನಿಗೆ ಜಪ್ತಿ ಬಂದ್ರ?”

“ನಿಮ್ಮನೆಗೆ ಸಾಲ ಇಲ್ವಾ ಡಾಕ್ಟ್ರೇ?”

“ಅದು ಮಾರ್ಟ್‌ಗೇಜ್ರೀ! ಸಾಲ ಯಾಕಾಗ್ತದ?”

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು, ಮಕ್ಕಳ ಕಾಲು ಬೆಳೆಯುತ್ತದೆಂಬುದನ್ನು ಮರೆತಿರಬೇಕು.

ಹೊಟ್ಟೆ ತುಂಬಿದವನ ಬಾಯಲ್ಲಿ ‘ಬೇಡ’ ಬರುವುದಿಲ್ಲ ಎಂಬುದು ನನ್ನ ವ್ಯಾಪಾರದ ಸಿದ್ಧಾಂತ. ಹಾಗಾಗಿ ಊಟ ಮೊದಲು, ಮತ ಆಮೇಲೆ. ಕೇಸರಿಭಾತು ಖಾಲಿಯಾದ ಮೇಲೆ ಸ್ಟೀಲ್ ಡಬ್ಬ ಸುತ್ತಿತು, ಚೀಟಿ ಬಿದ್ದವು, ಎಣಿಸಿದರು. ಬೇಕು ಮೂವತ್ತೆಂಟು, ಬೇಡ ಮೂವತ್ತೊಂಬತ್ತು.

“ಊಟ ಭಾಳ ಛಲೋ ಇತ್ತು ನೋಡ್ರಿ” ಎಂದರು ಡಾಕ್ಟರು.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ತೆರೆಯಿತು. ಮೊಣಕೈವರೆಗೆ ಸೋಪಿನ ನೊರೆ, ಸರೋಜ; ಹಿಂದೆ ಇನ್ನಿಬ್ಬರು ಟೀಚರು. ಬಿಸಿಬೇಳೆ ಭಾತಿನ ತಳ ಹತ್ತಿದ ಪಾತ್ರೆಗಳನ್ನು ಅಲ್ಲಿಯವರೆಗೂ ಉಜ್ಜುತ್ತಿದ್ದರು.

“ಏನ್ರೀ, ವೋಟು ಶುರುವಾಯ್ತಾ?”

ಈ ಮೂರು ಮತವನ್ನೂ ಸೇರಿಸಿ ಎಂದು ನಾನು ಡಾಕ್ಟರ ಕೈಕಾಲು ಹಿಡಿಯುವುದೊಂದು ಬಾಕಿ. “ಡಬ್ಬಿ ತೆರದ ಮ್ಯಾಲೆ ಮುಗೀತ್ರಿ” ಎಂದರು ಡಾಕ್ಟರು. ನಿಯಮವೂ ಹಾಗೇ ಇತ್ತು. ಸರೋಜ ತನ್ನ ವರ್ಗದ ಹಾಜರಿ ಪುಸ್ತಕ ತಂದು ನನ್ನ ಕೈಗಿಟ್ಟಳು. ಮುಂದಿನ ಚಳಿಗಾಲವೆಲ್ಲ ಮಫ್ಲರ್ ಸುತ್ತಿಕೊಂಡು ಆ ಓಣಿಯಲ್ಲಿ ಅಆಇಈ ಹೇಳಿಕೊಟ್ಟವನು ನಾನು.

ಅದಕ್ಕೇ ಹೇಳುತ್ತೇನೆ, ಸಭೆಯಲ್ಲಿ ಏನಾದರೂ ಗೆಲ್ಲಬೇಕಿದ್ದರೆ ಊಟಕ್ಕೆ ಮುಂಚೆ ಮತ ಹಾಕಿಸಿ. ಆಗಲಿಲ್ಲವೋ, ಡಬ್ಬ ಹೊರಡುವ ಮೊದಲು ಅಂಗಿಯ ತೋಳು ಮಡಚಿ, ಪಾತ್ರೆ ಉಜ್ಜಲು ನೀವೇ ನಿಂತುಬಿಡಿ. ನಿಮ್ಮದೊಂದು ಮತ ಹೋದರೂ ಮೂರು ಬರುತ್ತವೆ. ಇಡೀ ಕಿಂಗ್ಸ್‌ಬರಿಯಲ್ಲಿ ಇದಕ್ಕಿಂತ ಲಾಭದ ವ್ಯಾಪಾರ ನಾನು ಕಂಡಿಲ್ಲ.